ಸೂರ್ಯಶಕ್ತಿಯಿಂದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಇಂಧನವಾಗಿಸುವ ತಂತ್ರಜ್ಞಾನ: ಸಾರ್ವಜನಿಕರಿಗೆ ಮಾಹಿತಿ

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ ಈ ತಂತ್ರಜ್ಞಾನದ ಸ್ವರೂಪವನ್ನೂ, ಸದ್ಯ ಅರ್ಜಿ ಸಲ್ಲಿಸಬಹುದಾದ ಸೌರ ಯೋಜನೆಯ ವಿವರವನ್ನೂ ಇಲ್ಲಿ ನೀಡಲಾಗಿದೆ.

1. ಹಿನ್ನೆಲೆ

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು 1985ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ ಉತ್ಪಾದಿಸುತ್ತಿದೆ. ಇದರ ಸ್ಥಾಪಿತ ಸಾಮರ್ಥ್ಯ 1720 ಮೆಗಾವ್ಯಾಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಾಗುವಾಗ ಸುಮಾರು 1 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣವನ್ನು ಸೇರುತ್ತದೆ. ಇಂತಹ ಅನಿಲವನ್ನು ಹಿಡಿದು ಮರಳಿ ಇಂಧನವಾಗಿಸುವುದೇ ಈ ಸಂಶೋಧನೆಯ ಉದ್ದೇಶವಾಗಿರುತ್ತದೆ.

2. ಕಾರ್ಯವಿಧಾನ

ನಿಸರ್ಗದಲ್ಲಿ ಈ ಕಾರ್ಯವನ್ನು ಸಸ್ಯಗಳು ನಿರ್ವಹಿಸುತ್ತವೆ. ತುಂಗಭದ್ರಾ ಎಡದಂಡೆ ಹಾಗೂ ನಾರಾಯಣಪುರ ಬಲದಂಡೆ ಕಾಲುವೆಗಳ ನೀರಿನಲ್ಲಿ ಬೆಳೆಯುವ ಭತ್ತವು ಬಿಸಿಲಿನ ನೆರವಿನಿಂದ ಈ ಅನಿಲವನ್ನು ಹೀರಿಕೊಳ್ಳುತ್ತದೆ. ಅಕ್ಕಿ ಗಿರಣಿಗಳಲ್ಲಿ ಉರಿಸುವ ಹೊಟ್ಟು ಅದರ ಫಲವೇ ಆಗಿದೆ.

ಕೃತಕ ವಿಧಾನವೊಂದರಲ್ಲಿ ಸೌರ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕವನ್ನು ಪಡೆಯಲಾಗುತ್ತದೆ. ಅದನ್ನು ವೇಗವರ್ಧಕದ ಸಹಾಯದಿಂದ ಇಂಗಾಲದ ಡೈಆಕ್ಸೈಡಿನೊಡನೆ ಸಂಯೋಜಿಸಿದಾಗ ಮೆಥನಾಲ್ ಎಂಬ ದ್ರವ ಇಂಧನ ದೊರೆಯುತ್ತದೆ. 1 ಕಿಲೋಗ್ರಾಂ ಮೆಥನಾಲ್‌ಗೆ ಸುಮಾರು 1.4 ಕಿಲೋಗ್ರಾಂ ಅನಿಲ ಬೇಕು. ಮೆಥನಾಲ್ ಉರಿದಾಗ ಅಷ್ಟೇ ಅನಿಲ ಮರಳಿ ಹೊರಬರುತ್ತದೆ. ಆದರೂ ಅಷ್ಟರ ಮಟ್ಟಿಗೆ ಪೆಟ್ರೋಲಿಯಂ ಅಥವಾ ಕಲ್ಲಿದ್ದಲಿನ ಬಳಕೆ ತಪ್ಪುವುದರಿಂದ ಪ್ರಯೋಜನವುಂಟು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಕುರಿತು ಸಂಶೋಧನೆ ನಡೆದಿದೆ. ಅಲ್ಲಿ ರೂಪುಗೊಂಡ ಬ್ರೀತ್ ತಂಡವು 2018ರಲ್ಲಿ ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾಗಿತ್ತು. ಜಲಜನಕದ ದುಬಾರಿ ವೆಚ್ಚ ಹಾಗೂ ಪ್ರತಿ ಹಂತದಲ್ಲೂ ಆಗುವ ಶಕ್ತಿನಷ್ಟ ಈ ವಿಧಾನದ ಮುಖ್ಯ ತೊಡಕುಗಳು.

3. ಅರ್ಜಿದಾರರ ಗಮನಕ್ಕೆ

ಮನೆಯಲ್ಲಿ ಇಂತಹ ಇಂಧನ ತಯಾರಿಸುವ ಸಾಧನಕ್ಕೆ ಯಾವುದೇ ಸಹಾಯಧನ ಯೋಜನೆ ಇರುವುದಿಲ್ಲ. ಆದಕಾರಣ ಈ ಹೆಸರಿನಲ್ಲಿ ಮುಂಗಡ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

ಸೌರಶಕ್ತಿಯನ್ನು ಬಳಸಲಿಚ್ಛಿಸುವ ಗೃಹ ಬಳಕೆದಾರರು 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಮೇಲ್ಛಾವಣಿ ಘಟಕಕ್ಕೆ ಅರ್ಜಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸಹಾಯಧನ ಈ ಕೆಳಕಂಡಂತಿದೆ:

ಅ) 1 ಕಿಲೋವ್ಯಾಟ್: ರೂ. 30,000
ಆ) 2 ಕಿಲೋವ್ಯಾಟ್: ರೂ. 60,000
ಇ) 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು: ರೂ. 78,000

ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆಯೊಂದಿಗೆ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ನೋಂದಾಯಿತ ಮಾರಾಟಗಾರರಿಂದಲೇ ಘಟಕ ಅಳವಡಿಸಿಕೊಳ್ಳತಕ್ಕದ್ದು. ಜೆಸ್ಕಾಂ ವತಿಯಿಂದ ಪರಿಶೀಲನೆಯಾಗಿ ನೆಟ್ ಮೀಟರ್ ಅಳವಡಿಕೆಯಾದ ನಂತರ ಸಹಾಯಧನವು ಅರ್ಜಿದಾರರ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಆಗುತ್ತದೆ.

1 ಕಿಲೋವ್ಯಾಟ್ ಘಟಕವು ದಿನವೊಂದಕ್ಕೆ ಸರಾಸರಿ 4 ಯೂನಿಟ್ ಉತ್ಪಾದಿಸಿದರೂ ವರ್ಷಕ್ಕೆ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ತಪ್ಪುತ್ತದೆ. ಹೊರಬಿದ್ದ ಅನಿಲವನ್ನು ಹಿಡಿದು ಇಂಧನವಾಗಿಸುವುದಕ್ಕಿಂತ, ಅದು ಹೊರಬೀಳದಂತೆ ನೋಡಿಕೊಳ್ಳುವುದು ಸದ್ಯ ನಾಗರಿಕರಿಗೆ ಸುಲಭಸಾಧ್ಯವಾದ ಮಾರ್ಗವಾಗಿರುತ್ತದೆ.