ನೌಕಾಚರಿತ್ರೆಯ ಬರವಣಿಗೆಯೂ ಸೇನಾಪತ್ರಿಕೆಗಳೂ

ಹಿರೇಹಡಗಲಿ ಸಮುದ್ರದಿಂದ ಬಹುದೂರದ ಊರು. ಆದರೂ ಅದರ ಹೆಸರಿನಲ್ಲಿ ‘ಹಡಗು’ ಎಂಬ ಮಾತಿನ ದನಿಯಿದೆ. ಹಿಂದೆ ಈ ಸೀಮೆಯ ಹೂಗಳು ತುಂಗಭದ್ರೆಯ ಮೇಲೆ ಹಂಪೆಗೆ ಹೋಗುತ್ತಿದ್ದುವೆಂದು ಜನ ಹೇಳುವುದುಂಟು. ಆದರೆ ಬಾಯಿಮಾತು ಚರಿತ್ರೆಯಾಗಬೇಕಾದರೆ ಬರವಣಿಗೆಯ ಆಧಾರ ಬೇಕು. ಇದೇ ಊರಿನಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವನ್ನು ನೋಡಿರಿ: ತಗಡಿನ ಮೇಲೆ ಕೊರೆದಿಟ್ಟುದರಿಂದಲೇ ಹದಿನಾರು ಶತಮಾನಗಳಿಗೂ ಹಿಂದಿನ ಒಂದು ದಾನದ ಸಂಗತಿ ಇಂದು ನಮಗೆ ತಿಳಿದಿದೆ. ಕನ್ನಡನಾಡಿನ ನೌಕಾಬಲದ ಸಂಗತಿಯನ್ನು ಹೀಗೆ ಬರೆದಿಟ್ಟವರು ಯಾರು?

ಮೊದಲು ನೆನಪಾಗುವವನು ರವಿಕೀರ್ತಿ. ಕ್ರಿ.ಶ. ೬೩೪ರಲ್ಲಿ ಅವನು ರಚಿಸಿದ ಐಹೊಳೆಯ ಸಂಸ್ಕೃತ ಶಾಸನವು, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯೆಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನೆಂದು ಸಾರುತ್ತದೆ. ಹಡಗುಗಳನ್ನು ಕವಿ ಮದ್ದಾನೆಗಳಿಗೆ ಹೋಲಿಸಿದ್ದಾನೆ. ವರ್ಣನೆ ಭವ್ಯವಾದುದು. ಆದರೆ ಆ ಹಡಗುಗಳನ್ನು ಯಾವ ಮರದಿಂದ ಕಟ್ಟಿದರು, ಯಾರು ನಡೆಸಿದರು, ಎಷ್ಟು ಮುಳುಗಿದುವು ಎಂಬ ಮಾತು ಅಲ್ಲಿಲ್ಲ. ಅದು ಪ್ರಶಸ್ತಿ, ನಾವಿಕನ ದಿನಚರಿಯಲ್ಲ.

ಹನ್ನೆರಡು ಶತಮಾನಗಳು ಸಮೀಪಿಸಿದ ಮೇಲೂ ನಮ್ಮ ಸ್ಥಿತಿ ಹೆಚ್ಚು ಬದಲಾಗಲಿಲ್ಲ. ಹೈದರಾಲಿ ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಯನ್ನು ಕಟ್ಟಿದನು. ೧೭೮೦ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸನು ಅದನ್ನು ಮಂಗಳೂರಿನ ರೇವಿನಲ್ಲಿಯೇ ನಾಶಮಾಡಿದನು. ಟಿಪ್ಪು ಸುಲ್ತಾನನು ೧೭೯೬ರಲ್ಲಿ ೪೦ ಯುದ್ಧನೌಕೆಗಳ ದೊಡ್ಡ ಯೋಜನೆಯನ್ನು ಆಜ್ಞಾಪಿಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಅದು ಅಲ್ಲಿಗೇ ನಿಂತಿತು. ಟಿಪ್ಪುವಿನ ಪತ್ರಗಳನ್ನು ಆರಿಸಿ ೧೮೧೧ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದವನು ಕಂಪನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಗೆದ್ದವರು ಹಡಗುಗಳೊಡನೆ ಕಥೆ ಹೇಳುವ ಅಧಿಕಾರವನ್ನೂ ಒಯ್ದರೆಂದರೆ ತಪ್ಪಾಗಲಾರದು.

ಈ ಕೊರತೆಯನ್ನು ತುಂಬುವ ಸಾಧನವೇ ಸೇನಾವೃತ್ತಿಯ ಪತ್ರಿಕೆ. ಇದು ಸುದ್ದಿಪತ್ರಿಕೆಯಂತಲ್ಲ. ಯುದ್ಧ ಮಾಡಿದವರೇ ತಮ್ಮ ಅನುಭವವನ್ನು ಬರೆದು, ತಪ್ಪುಗಳನ್ನು ವಿಮರ್ಶಿಸಿ, ಮುಂದಿನವರಿಗೆ ಪಾಠವಾಗಿ ಬಿಡುವ ವೇದಿಕೆ ಇದು. ಅಮೆರಿಕದ ನೌಕಾಧಿಕಾರಿಗಳು ೧೮೭೩ರಲ್ಲಿ ಅನಾಪೊಲಿಸ್‌ನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷದಿಂದ ‘ಪ್ರೊಸೀಡಿಂಗ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಆಲ್‌ಫ್ರೆಡ್ ಮಹಾನ್ ಎಂಬ ಅಧಿಕಾರಿಯ ಪ್ರಬಂಧ ಆ ಸಂಸ್ಥೆಯ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನವನ್ನು ಮಾತ್ರ ಪಡೆದು ೧೮೭೯ರಲ್ಲಿ ಅಚ್ಚಾಯಿತು. ಅದೇ ಮಹಾನ್ ೧೮೯೦ರಲ್ಲಿ ಬರೆದ ಗ್ರಂಥವನ್ನು ಲೋಕದ ನೌಕಾಪಡೆಗಳೆಲ್ಲ ಓದಿದುವು. ಬ್ರಿಟನ್ನಿನಲ್ಲಿ ೧೯೧೩ರಲ್ಲಿ ಹುಟ್ಟಿದ ‘ನೇವಲ್ ರಿವ್ಯೂ’ ಲೇಖಕರ ಹೆಸರನ್ನು ಅಚ್ಚುಮಾಡುತ್ತಿರಲಿಲ್ಲ. ಕಿರಿಯ ಅಧಿಕಾರಿಯೂ ಹಿರಿಯರ ಅಭಿಪ್ರಾಯವನ್ನು ನಿರ್ಭಯವಾಗಿ ಪರೀಕ್ಷಿಸಬೇಕೆಂಬುದೇ ಇದರ ಕಾರಣ.

ನಮ್ಮ ದೇಶದಲ್ಲಿಯೂ ಈ ಪರಂಪರೆ ಹಳೆಯದು. ೧೮೭೦ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಮರುವರ್ಷವೇ ತನ್ನ ಪತ್ರಿಕೆಯನ್ನು ಹೊರಡಿಸಿತು. ೧೯೦೯ರಲ್ಲಿ ‘ಫೌಜಿ ಅಖ್ಬಾರ್’ ಎಂದು ಹುಟ್ಟಿದ ಪತ್ರಿಕೆ ೧೯೫೪ರಲ್ಲಿ ‘ಸೈನಿಕ ಸಮಾಚಾರ’ವಾಯಿತು, ಮುಂದೆ ೧೩ ಭಾಷೆಗಳಲ್ಲಿ, ಕನ್ನಡದಲ್ಲಿಯೂ ಪ್ರಕಟವಾಯಿತು. ಆದರೆ ಇದು ಮುಖ್ಯವಾಗಿ ಸೈನಿಕರಿಗೆ ವಾರ್ತೆ ತಲುಪಿಸುವ ಪತ್ರಿಕೆ. ಹಿಂದಿನದು ವಿಚಾರಮಂಥನದ ಪತ್ರಿಕೆ. ಸ್ವಾತಂತ್ರ್ಯಾನಂತರ ನೌಕಾದಳದವರೇ ತಮ್ಮ ಚರಿತ್ರೆಯನ್ನು ಬರೆಯತೊಡಗಿದರು. ವೈಸ್ ಅಡ್ಮಿರಲ್ ಜಿ. ಎಂ. ಹೀರಾನಂದಾನಿಯವರು ೧೯೬೫ರಿಂದ ೨೦೦೦ದವರೆಗಿನ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ನಿರೂಪಿಸಿದ್ದಾರೆ. ಇವು ಇಂಗ್ಲಿಷಿನಲ್ಲಿರುವ ಗ್ರಂಥಗಳು.

೨೦೦೫ರಲ್ಲಿ ಕಾರವಾರದ ಬಳಿ ಉದ್ಘಾಟನೆಯಾದ ನೌಕಾನೆಲೆಗೆ ‘ಕದಂಬ’ ಎಂದು ಹೆಸರಿಟ್ಟಿದ್ದಾರೆ. ಕನ್ನಡ ರಾಜವಂಶದ ಹೆಸರು ನೆಲೆಯ ಹೆಬ್ಬಾಗಿಲಿಗೆ ಬಂದರಷ್ಟೇ ಸಾಲದು; ಅಲ್ಲಿ ದುಡಿದವರ ಅನುಭವ ಕನ್ನಡದ ಪುಟಗಳಿಗೂ ಬರಬೇಕು. ನೌಕಾದಳದಿಂದ ನಿವೃತ್ತರಾದವರು ನಮ್ಮ ಊರುಗಳಲ್ಲಿದ್ದರೆ, ವಿದ್ಯಾರ್ಥಿ ಮಿತ್ರರು ಅವರ ಬಳಿ ಕುಳಿತು ಕೇಳಲಿ. ಯಾವ ಹಡಗು, ಯಾವ ವರ್ಷ, ಯಾವ ಕೆಲಸ ಎಂಬುದನ್ನು ದಿನಾಂಕಸಹಿತ ಬರೆದುಕೊಳ್ಳಲಿ. ಹೇಳಿದ್ದನ್ನು ಅಚ್ಚಾದ ಚರಿತ್ರೆಯೊಡನೆ ಹೋಲಿಸಿ ನೋಡಲಿ. ಪ್ರಶಸ್ತಿ ಬರೆಯಲು ಆಸ್ಥಾನಕವಿ ಬೇಕು. ಚರಿತ್ರೆಗೆ ಒಂದು ನೋಟುಪುಸ್ತಕ, ಸತ್ಯನಿಷ್ಠೆ ಇವೆರಡಿದ್ದರೆ ಆರಂಭ ಮಾಡಬಹುದು. ಅಂಥ ಲೇಖನಗಳಿಗೆ ಕಾಲೇಜಿನ ವಾರ್ಷಿಕ ಸಂಚಿಕೆಗಿಂತ ಯೋಗ್ಯವಾದ ಮೊದಲ ರೇವು ಬೇರೆ ಯಾವುದಿದೆ?