ಅರಿಶಿನದ ಒಡಲಲ್ಲಿ ಕೆಂಪು

ಕೊಪ್ಪಳ ಜಿಲ್ಲೆಯ ಹುಲಿಗಿ, ತುಂಗಭದ್ರೆಯ ದಡದ ಊರು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಹುಲಿಗೆಮ್ಮನ ದರ್ಶನಕ್ಕೆ ಬಂದವರು ಭಂಡಾರದ ಹಳದಿಯನ್ನೂ ಕುಂಕುಮದ ಕೆಂಪನ್ನೂ ಹಣೆಗಿಟ್ಟುಕೊಂಡು ಮರಳುತ್ತಾರೆ. ಈ ಎರಡು ಬಣ್ಣಗಳ ನಂಟು ನಮ್ಮ ಮನೆಗಳಿಗೆ ಹೊಸದಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಓಕುಳಿ ಕೆಂಪಾಗುತ್ತದೆ. ಮದುಮಕ್ಕಳಿಗೆ ದೃಷ್ಟಿ ತಾಗದಿರಲೆಂದು ಎತ್ತುವ ಆರತಿಯ ನೀರು ಇದೇ. ಪುಡಿ ಹಳದಿ, ಸುಣ್ಣ ಬಿಳಿ. ಹಾಗಾದರೆ ಕೆಂಪು ಬಂದದ್ದೆಲ್ಲಿಂದ?

ಉತ್ತರ ಪರಮಾಣುವಿನೊಳಗಿದೆ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಎಲೆಕ್ಟ್ರಾನುಗಳು ಬೀಜಕೇಂದ್ರವನ್ನು ಸುತ್ತುತ್ತವೆಂಬುದು ಶಾಲೆಯಲ್ಲಿ ಕಲಿತ ಚಿತ್ರ. 1926ರಲ್ಲಿ ಶ್ರೋಡಿಂಗರ್ ಕೊಟ್ಟ ಸಮೀಕರಣ ಈ ಚಿತ್ರವನ್ನು ಬದಲಿಸಿತು. ಎಲೆಕ್ಟ್ರಾನಿಗೆ ಗೆರೆ ಎಳೆದಂಥ ದಾರಿಯಿಲ್ಲ. ಅದು ಸಿಗುವ ಸಂಭವ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದಷ್ಟೇ ಹೇಳಬಹುದು. ಆ ಸಂಭವದ ಹರವೇ 'ಆರ್ಬಿಟಲ್'. 'ಎಸ್' ಆರ್ಬಿಟಲ್ ಚೆಂಡಿನಂತೆ ದುಂಡು. 'ಪಿ' ಆರ್ಬಿಟಲ್ ಬಾಯಿಗೆ ಬಾಯಿ ಸೇರಿಸಿ ಕಟ್ಟಿದ ಎರಡು ಬಲೂನುಗಳಂತೆ, ನಡುವೆ ಬೀಜಕೇಂದ್ರ. ಇಂಥ ಮೂರು ಜೋಡಿಗಳು ಒಂದಕ್ಕೊಂದು ಲಂಬವಾಗಿರುತ್ತವೆ.

ಪರಮಾಣುಗಳು ಹತ್ತಿರ ಬಂದಾಗ ಆರ್ಬಿಟಲ್‌ಗಳು ಒಂದರ ಮೇಲೊಂದು ಹರಡಿಕೊಂಡು ಬಂಧವಾಗುತ್ತದೆ. ತುದಿಗೆ ತುದಿ ಸೇರಿದರೆ ಗಟ್ಟಿಯಾದ 'ಸಿಗ್ಮಾ' ಬಂಧ. 'ಪಿ' ಬಲೂನುಗಳು ಅಕ್ಕಪಕ್ಕ ನಿಂತು ಮೈಗೆ ಮೈ ತಾಗಿಸಿದರೆ 'ಪೈ' ಬಂಧ. ಹೀಗೆ ಹಲವು ಪರಮಾಣುಗಳು ಸಾಲಾಗಿ ನಿಂತರೆ ಅವುಗಳ ಎಲೆಕ್ಟ್ರಾನುಗಳು ಒಂದು ಮನೆಗೆ ಸೇರಿದವಾಗಿ ಉಳಿಯದೆ ಇಡೀ ಓಣಿಯನ್ನು ಹಂಚಿಕೊಳ್ಳುತ್ತವೆ. ಓಣಿ ಉದ್ದವಾದಷ್ಟೂ ಎಲೆಕ್ಟ್ರಾನನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಲು ಬೇಕಾದ ಶಕ್ತಿ ಕಡಿಮೆಯಾಗುತ್ತದೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅಂಥದೊಂದು ಓಣಿ. 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಇದನ್ನು ಬೇರ್ಪಡಿಸಿದರು. ರಚನೆ ತಿಳಿದದ್ದು 1910ರಲ್ಲಿ. ಅದರ ಎರಡು ತುದಿಗಳಲ್ಲಿ ಇಂಗಾಲದ ಉಂಗುರಗಳು, ನಡುವೆ ಏಳು ಇಂಗಾಲಗಳ ಸೇತುವೆ. ಸುಮಾರು 425 ನ್ಯಾನೊಮೀಟರಿನ ನೇರಳೆ-ನೀಲಿ ಬೆಳಕನ್ನು ಇದು ಹೀರುತ್ತದೆ. ಉಳಿದ ಬೆಳಕು ಕಣ್ಣಿಗೆ ಹಳದಿ.

ಸುಣ್ಣ ಕ್ಷಾರ. ಅದು ಕರ್ಕ್ಯುಮಿನ್‌ನ ಆಮ್ಲಜನಕಕ್ಕೆ ಅಂಟಿದ ಜಲಜನಕವನ್ನು ಪ್ರೋಟಾನ್ ರೂಪದಲ್ಲಿ ಕಿತ್ತುಕೊಳ್ಳುತ್ತದೆ. ಎಲೆಕ್ಟ್ರಾನುಗಳು ಹಿಂದೆ ಉಳಿಯುತ್ತವೆ. ಅವು ಓಣಿಯ ಹಂಚಿಕೆಯಲ್ಲಿ ಇನ್ನಷ್ಟು ಧಾರಾಳವಾಗಿ ಬೆರೆಯುತ್ತವೆ, ಮೆಟ್ಟಿಲು ತಗ್ಗುತ್ತದೆ. ಈಗ ಹೀರಿಕೆ ಹಸಿರಿನ ಕಡೆಗೆ ಸರಿದು, ನೀರು ಕೆಂಪಾಗಿ ಕಾಣುತ್ತದೆ. ನಿಂಬೆರಸ ಹಿಂಡಿದರೆ ಪ್ರೋಟಾನ್ ಮರಳುತ್ತದೆ, ಹಳದಿಯೂ ಮರಳುತ್ತದೆ.

ಸೀರೆಗೆ ತಾಗಿದ ಅರಿಶಿನದ ಕಲೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದರಿಂದಲೇ, ಸೋಪೂ ಕ್ಷಾರ. ಬಿಸಿಲಿಗೆ ಹರವಿದರೆ ಆ ಕಲೆ ಮಾಯ. ಬೆಳಕು ಓಣಿಯನ್ನೇ ತುಂಡರಿಸುತ್ತದೆ. ಹಂಚಿಕೆ ಮುರಿದ ಕಡೆ ಬಣ್ಣವೂ ಉಳಿಯುವುದಿಲ್ಲ.