ಸಹಿ ಹಾಕುವ ಮುಂಚೆ ಒಂದ್ನಿಮಿಷ

"ಒಂದ್ಸಲ ಬಂದು ಸೈನ್ ಹಾಕಿ ಹೋಗಮ್ಮ, ಖಾತೆ ಮಾಡಿಸ್ಬೇಕು." ತಂದೆ ತೀರಿಕೊಂಡ ಸ್ವಲ್ಪ ದಿನಕ್ಕೆ ಅಣ್ಣನಿಂದಲೋ ತಮ್ಮನಿಂದಲೋ ಇಂಥ ಫೋನ್ ಬರುವುದು ನಮ್ಮ ಎಷ್ಟೋ ಮನೆಗಳಲ್ಲಿ ಮಾಮೂಲು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮೊದಲೇ ಸಿದ್ಧವಾಗಿರುತ್ತದೆ. ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ, ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಅರಿಶಿನ-ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಿಷ್ಟು ದುಡ್ಡು ಕೈಗೆ ಬರುತ್ತದೆ. ಅಲ್ಲಿಗೆ ಮುಗೀತು.

ಕಾನೂನು ಮಾತ್ರ ಬೇರೆಯೇ ಹೇಳುತ್ತದೆ. ಈ ವಿಷಯದಲ್ಲಿ ಕರ್ನಾಟಕ ಕೇಂದ್ರದ ಕಾನೂನಿಗಿಂತ ಮುಂದಿತ್ತು. 1994ರ ಜುಲೈ 30ರಿಂದಲೇ ಇಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಮದುವೆಯಾದವರು, ಆಗದವರು ಅನ್ನುವ ಭೇದವೂ ಹೋಯಿತು. 2005ರಲ್ಲಿ ತಂದೆ ಬದುಕಿರಲೇಬೇಕಾ ಅನ್ನುವ ಗೊಂದಲ ಮಾತ್ರ ಉಳಿದಿತ್ತು. ಬದುಕಿರಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗವನ್ನು ಮಾತ್ರ ಈಗ ಕೆದಕುವ ಹಾಗಿಲ್ಲ.

ತಂದೆಯ ಸ್ವಯಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅದನ್ನು ಅವರು ಯಾರ ಹೆಸರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಎಲ್ಲರಿಗೂ ಸಮಪಾಲು. ಇದು 1956ರಿಂದಲೂ ಇರುವ ನಿಯಮ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು ಅನ್ವಯಿಸುತ್ತದೆ.

ಇಷ್ಟಿದ್ದೂ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಕೃಷಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ 14ರಷ್ಟು ಮಾತ್ರ. ಹಳ್ಳಿಗಳಲ್ಲಿ ದುಡಿಯುವ ಪ್ರತಿ ನಾಲ್ವರು ಹೆಂಗಸರಲ್ಲಿ ಮೂವರು ಹೊಲದ ಕೆಲಸ ಮಾಡುವವರೇ! ನಾಟಿ, ಕಳೆ, ಕೊಯ್ಲಿಗೆ ಅವಳು ಬೇಕು, ಪಹಣಿಯಲ್ಲಿ ಮಾತ್ರ ಅವಳ ಹೆಸರಿಲ್ಲ. ಹೆಸರಿಲ್ಲದಿದ್ದರೆ ಸ್ವಂತ ಹೆಸರಲ್ಲಿ ಬೆಳೆ ಸಾಲ ಸಿಗುವುದು ಕಷ್ಟ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಯೂ ಜಮೀನು ಯಾರ ಹೆಸರಲ್ಲಿದೆಯೋ ಅವರ ಖಾತೆಗೇ ಹೋಗುತ್ತದೆ. ಗಂಡ ತೀರಿಕೊಂಡರೆ, ಇಲ್ಲವೇ ಮನೆಯಿಂದ ಹೊರಗೆ ಹಾಕಿದರೆ, ಕಾಲೂರಲು ಸ್ವಂತದ್ದು ಅಂತ ಒಂದು ಗುಂಟೆಯೂ ಇರುವುದಿಲ್ಲ.

"ಓದಿಸಿದ್ವಿ, ಮದುವೆ ಮಾಡಿದ್ವಿ, ಇನ್ನೇನು ಬೇಕು?" ಅನ್ನುವ ಮಾತು ಸಾಮಾನ್ಯ. ಮಗನನ್ನೂ ಓದಿಸಿರುತ್ತೇವಲ್ಲ? ಅವನ ಕಾಲೇಜು ಫೀಸನ್ನು ಯಾರೂ ಅವನ ಪಾಲಿನಲ್ಲಿ ಮುರಿದುಕೊಳ್ಳುವುದಿಲ್ಲ. "ಅಪ್ಪ-ಅಮ್ಮನ್ನ ನೋಡ್ಕೊಂಡಿದ್ದು ನಾನು" ಅನ್ನುವ ಅಣ್ಣನ ಮಾತಿನಲ್ಲಿ ನ್ಯಾಯ ಇರಬಹುದು. ಹಾಗಾದರೆ ಆ ಖರ್ಚಿನ ಲೆಕ್ಕವನ್ನು ಎಲ್ಲರೂ ಕೂತು ಮಾತಾಡಲಿ. 2007ರ ಕಾಯ್ದೆಯ ಪ್ರಕಾರ ತಂದೆ-ತಾಯಿಯನ್ನು ನೋಡಿಕೊಳ್ಳುವ ಹೊಣೆ ಮಗಳಿಗೂ ಇದೆ. ಹಕ್ಕು ಬೇಕೆನ್ನುವವರು ಹೊಣೆಯನ್ನೂ ಹೊರಬೇಕು.

ಓದಿದವರು, ಸಂಬಳ ತರುವವರು ಕೂಡ ಸಹಿ ಹಾಕಿಬಿಡುತ್ತಾರೆ. ಕಾರಣ ಒಂದೇ, ತವರು ತಪ್ಪಿಹೋದೀತೆಂಬ ಭಯ. ಗೌರಿ ಹಬ್ಬಕ್ಕೆ ಬಾಗಿನ ಬರುತ್ತೋ ಇಲ್ಲವೋ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು? ಈ ಭಯಕ್ಕೇ ಸಹಿ ಬೀಳುತ್ತದೆ. ಇದೇ ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಪಾಲು ಮಾಡಿಕೊಂಡರೂ ಹಬ್ಬಕ್ಕೆ ಒಟ್ಟಿಗೆ ಊಟ ಮಾಡುತ್ತಾರೆ ಅನ್ನುವುದನ್ನು ನಾವು ಮರೆಯುತ್ತೇವೆ.

ಪ್ರೀತಿಯಿಂದ, ತಿಳಿದೂ ತಿಳಿದು ಪಾಲು ಬಿಟ್ಟುಕೊಡುವುದು ಅವರವರ ಇಷ್ಟ. ಆದರೆ ಏನು ಬಿಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ. ಪಹಣಿ ನೋಡಿ, ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯಾ ನೋಡಿ, ಪತ್ರವನ್ನು ಪೂರ್ತಿ ಓದಿಸಿ ಕೇಳಿ. ನೋಂದಣಿ ಆದಮೇಲೆ ಅದನ್ನು ರದ್ದು ಮಾಡಿಸಬೇಕೆಂದರೆ ಕೋರ್ಟಿಗೇ ಅಲೆಯಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಅಪ್ಪ-ಅಮ್ಮಂದಿರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಗಟ್ಟಿಯಾಗಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿ, ಯಾರಿಗೆ ಏನು ಅಂತ ಬಾಯಿಬಿಟ್ಟು ಹೇಳಿ, ಬರೆದಿಡಿ. ನೀವೇ ಕೊಟ್ಟರೆ ಮಗಳು ತನ್ನ ಪಾಲನ್ನು ಅಣ್ಣನ ಮುಂದೆ ನಿಂತು ಕೇಳುವ ಪ್ರಸಂಗವೇ ಬರುವುದಿಲ್ಲ.